ಡಿಸ್ಕ್ ಪೂಲ್‌ಗೆ ಸೇರುತ್ತಿಲ್ಲವಾ? ಹೊಸದು ತರಿಸುವ ಮೊದಲು ಇಷ್ಟು ನೋಡಿ

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಜುಲೈ ತಿಂಗಳು, ಬಿಡದ ಮಳೆ. ಆಫೀಸಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಎರಡು ಹೊಸ ಸರ್ವರ್ ಕೂತಿದ್ದವು. ಡಿಸೆಂಬರ್‌ನಲ್ಲಿ ಕಾಫಿ ಬರಲು ಶುರುವಾದರೆ ಮಾರ್ಚ್‌ವರೆಗೂ ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಮಳೆಗಾಲದಲ್ಲೇ ಎರಡೂ ಸರ್ವರ್‌ನ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಪೂಲ್ ಮಾಡಿ ಮುಗಿಸಬೇಕು ಅಂತ ಹೊರಟಿದ್ದೆವು.

ಕಮಾಂಡ್ ಕೊಟ್ಟ ಕೂಡಲೇ ಕೆಂಪು ಅಕ್ಷರ ಬಂತು. ಪೂಲ್‌ಗೆ ಬಳಸಬಹುದಾದ ಬಸ್ ಟೈಪ್ (ಡಿಸ್ಕ್ ಸರ್ವರ್‌ಗೆ ಸೇರಿಕೊಂಡಿರುವ ದಾರಿಯ ಬಗೆ) ಇರುವ ಡಿಸ್ಕ್ ಒಂದೂ ಸಿಗಲಿಲ್ಲ ಅಂತ. ಸರ್ವರ್ ಮಾರಿದವರಿಗೆ ಫೋನ್ ಮಾಡಿದೆವು. ‘ಡಿಸ್ಕ್ ಕಂಪ್ಯಾಟಿಬಲ್ ಇಲ್ಲ, ಬೇರೆ ಹಾಕಿ’ ಅಂದರು. ನಾಲ್ಕು ಹೊಸ ಡಿಸ್ಕ್ ಬೆಂಗಳೂರಿಂದ ತರಿಸಿದೆವು. ದಾರಿಯಲ್ಲಿ ಮರ ಬಿದ್ದು, ಕೊರಿಯರ್ ನಿಂತು, ಅವು ಕೈಗೆ ಸಿಕ್ಕಿದ್ದು ಐದನೇ ದಿನ. ಹಾಕಿದೆವು. ಅದೇ ಎರರ್.

‘ಪುನಃ ಬೇರೆ ತರಿಸಬೇಕಾ ಅಣ್ಣಾ?’ ಅಂತ ಅಲ್ಲಿಯ ಅಕೌಂಟೆಂಟ್ ಅಕ್ಕ ಕೇಳಿದರು. ದುಡ್ಡು ಅವರ ಲೆಕ್ಕದಿಂದಲೇ ಹೋಗಿತ್ತು.

ಹಳೇ ಡಿಸ್ಕ್‌ನಲ್ಲೂ ತಪ್ಪಿರಲಿಲ್ಲ, ಹೊಸದರಲ್ಲೂ ಇರಲಿಲ್ಲ. ಡಿಸ್ಕ್‌ಗೂ ವಿಂಡೋಸ್‌ಗೂ ಮಧ್ಯೆ ಒಂದು ರೇಡ್ ಕಾರ್ಡ್ ಇತ್ತು, ಅಂದರೆ ಡಿಸ್ಕ್‌ಗಳನ್ನು ತಾನೇ ಹೊಂದಿಸಿ, ತಾನು ಮಾಡಿದ ವರ್ಚುವಲ್ ಡಿಸ್ಕ್‌ಗಳನ್ನು ಮಾತ್ರ ತೋರಿಸುವ ಕಾರ್ಡ್. ಅದು ಡಿಸ್ಕ್‌ನ ಮುಖವನ್ನೇ ವಿಂಡೋಸ್‌ಗೆ ತೋರಿಸುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಗುವ ವಿಷಯ. ಗೊತ್ತಾಗಲು ವಾರ ಹಿಡಿಯಿತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ವಿಂಡೋಸ್ ಸರ್ವರ್‌ನ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಬಗ್ಗೆ. ಎರಡು ಅಥವಾ ಜಾಸ್ತಿ ಸರ್ವರ್‌ಗಳ ಒಳಗಿರುವ ಡಿಸ್ಕ್‌ಗಳನ್ನೆಲ್ಲ ಒಂದು ಪೂಲ್ ಮಾಡುವ ವ್ಯವಸ್ಥೆ ಅದು. ವಿಂಡೋಸ್ ಸರ್ವರ್ 2016ರಲ್ಲಿ ಬಂತು. ಡೇಟಾಸೆಂಟರ್ ಎಡಿಷನ್‌ನಲ್ಲಿ ಮಾತ್ರ ಸಿಗುತ್ತದೆ, ಸ್ಟ್ಯಾಂಡರ್ಡ್ ಹಾಕಿಕೊಂಡು ಎಷ್ಟು ತಡಕಾಡಿದರೂ ಇಲ್ಲ. ಒಂದೇ ಸರ್ವರ್‌ನ ಡಿಸ್ಕ್‌ಗಳನ್ನು ಸೇರಿಸುವ ಸಾದಾ ಸ್ಟೋರೇಜ್ ಸ್ಪೇಸಸ್ 2012ರಿಂದಲೇ ಇದೆ. ಕೆಳಗಿನ ಮಾತು ಬಹುಪಾಲು ಅದಕ್ಕೂ ಹೊಂದುತ್ತದೆ.

ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಎಲ್ಲವನ್ನೂ ಪವರ್‌ಶೆಲ್‌ನಲ್ಲಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು.

ಪೂಲ್ ಇಷ್ಟೊಂದು ಯಾಕೆ ಕೇಳುತ್ತದೆ

ಕೊಡಗಿನ ಹಿರಿಯ ಬೆಳೆಗಾರರಿಗೆ ಪೂಲ್ ಅನ್ನುವ ಪದ ಹೊಸದಲ್ಲ. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾಗುವವರೆಗೂ ಕಾಫಿಯನ್ನು ಕಾಫಿ ಬೋರ್ಡ್‌ನ ಪೂಲ್‌ಗೇ ಕೊಡಬೇಕಿತ್ತು. ಪೂಲ್‌ಗೆ ಸೇರಿದ ಮೇಲೆ ನಿಮ್ಮ ಕಾಫಿ ಎಲ್ಲರ ಕಾಫಿಯ ಜೊತೆ ಹೋಗುತ್ತಿತ್ತು. ಡಿಸ್ಕ್ ಪೂಲ್ ಕೂಡ ಹೀಗೇ. ಒಮ್ಮೆ ಸೇರಿದರೆ ‘ಇದು ಮೂರನೇ ಡಿಸ್ಕ್, ಇದರಲ್ಲಿ ಲೆಕ್ಕಪತ್ರ ಇದೆ’ ಅಂತ ಹೇಳಲು ಬರುವುದಿಲ್ಲ. ಒಂದು ಫೈಲ್ ಚೂರುಚೂರಾಗಿ ಎಲ್ಲ ಡಿಸ್ಕ್‌ಗೂ ಹಂಚಿ ಹೋಗುತ್ತದೆ. ಪ್ರತಿ ಚೂರಿನ ಇನ್ನೊಂದು ಪ್ರತಿ ಬೇರೆ ಸರ್ವರ್‌ನಲ್ಲಿ ಕೂರುತ್ತದೆ.

ಅದಕ್ಕೇ ಸೇರಿಸಿಕೊಳ್ಳುವ ಮೊದಲು ವಿಂಡೋಸ್ ಪ್ರತಿ ಡಿಸ್ಕ್‌ಗೂ ನಾಲ್ಕು ವಿಷಯ ಕೇಳುತ್ತದೆ. ನೀನು ಯಾರು? ಯಾವ ದಾರಿಯಲ್ಲಿ ಬಂದೆ? ಖಾಲಿ ಇದ್ದೀಯಾ? ಆರೋಗ್ಯ ಹೇಗಿದೆ? ಒಂದಕ್ಕೆ ಉತ್ತರ ಸರಿ ಬರದಿದ್ದರೂ ಆ ಡಿಸ್ಕ್ ಹೊರಗೆ. ಯಾವುದಕ್ಕೆ ಉತ್ತರ ತಪ್ಪಿತು ಅಂತ ಹುಡುಕುವುದೇ ನಮ್ಮ ಕೆಲಸ.

ಹೆಜ್ಜೆ 1: ಮೊದಲು ಡಿಸ್ಕನ್ನೇ ಕೇಳಿ

ಸ್ಕ್ರೂಡ್ರೈವರ್ ಆಮೇಲೆ ತೆಗೆಯಿರಿ. ಪ್ರತಿ ಸರ್ವರ್‌ನಲ್ಲೂ ಈ ಕಮಾಂಡ್ ಓಡಿಸಿ:

ಗೆಟ್-ಫಿಸಿಕಲ್‌ಡಿಸ್ಕ್ | ಫಾರ್ಮ್ಯಾಟ್-ಟೇಬಲ್ ಫ್ರೆಂಡ್ಲಿನೇಮ್, ಸೀರಿಯಲ್‌ನಂಬರ್, ಯೂನಿಕ್‌ಐಡಿ, ಬಸ್‌ಟೈಪ್, ಮೀಡಿಯಾಟೈಪ್, ಕ್ಯಾನ್‌ಪೂಲ್, ಕೆನಾಟ್‌ಪೂಲ್‌ರೀಸನ್, ಸೈಜ್

ಬಂದದ್ದನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗೂ ಇದೇ ಆಧಾರ. ಸರ್ವರ್ ಮಾರಿದವರ ಜೊತೆ ಮಾತಾಡುವಾಗಲೂ ಇದೇ ಬೇಕಾಗುತ್ತದೆ.

ಕ್ಯಾನ್‌ಪೂಲ್ ಕಾಲಂನಲ್ಲಿ ‘ಟ್ರೂ’ ಇದ್ದರೆ ಆ ಡಿಸ್ಕ್ ಸೇರಬಹುದು. ‘ಫಾಲ್ಸ್’ ಇದ್ದರೆ ಪಕ್ಕದ ಕೆನಾಟ್‌ಪೂಲ್‌ರೀಸನ್ ಕಾಲಂ ಓದಿ. ಯಾಕೆ ಸೇರುವುದಿಲ್ಲ ಅಂತ ಅಲ್ಲೇ ಬರೆದಿರುತ್ತದೆ. ವಿಂಡೋಸ್ ಇರುವ ಬೂಟ್ ಡಿಸ್ಕ್ ಯಾವಾಗಲೂ ಫಾಲ್ಸ್ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ. 4 ಟಿಬಿ ಡಿಸ್ಕ್ 3.64 ಟಿಬಿ ಅಂತ ಕಂಡರೂ ಡಿಸ್ಕ್ ಹಾಳಾಗಿಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಕ್ಲಸ್ಟರ್ (ಸರ್ವರ್‌ಗಳು ಒಂದಾಗಿ ಕೆಲಸ ಮಾಡುವ ಗುಂಪು) ಆಗಲೇ ಮಾಡಿದ್ದರೆ ಇನ್ನೂ ಒಂದು ಜಾಗ ನೋಡಿ. ಸಿ ಡ್ರೈವ್, ವಿಂಡೋಸ್, ಕ್ಲಸ್ಟರ್, ರಿಪೋರ್ಟ್ಸ್ ಫೋಲ್ಡರ್. ಪೂಲ್ ಮಾಡಲು ಹೋದಾಗಲೆಲ್ಲ ಒಂದು ವರದಿ ಅಲ್ಲಿ ಉಳಿಯುತ್ತದೆ, ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಪರದೆಯ ಮೇಲೆ ಬರುವ ಒಂದು ಸಾಲಿನ ಎರರ್‌ಗಿಂತ ಅದರಲ್ಲಿ ತುಂಬಾ ಜಾಸ್ತಿ ವಿವರ ಇರುತ್ತದೆ.

ಹೆಜ್ಜೆ 2: ಬಸ್ ಟೈಪ್. ಹೆಚ್ಚಿನ ಜಗಳ ಇಲ್ಲೇ

ಬಸ್‌ಟೈಪ್ ಕಾಲಂನಲ್ಲಿ ಸಾಟಾ, ಸಾಸ್ ಅಥವಾ ಎನ್‌ವಿಎಂಇ ಇರಬೇಕು. ಸಾಟಾ ಡಿಸ್ಕ್ ಹಾಕಿದ್ದೀರಿ, ಕಾಣುತ್ತಿರುವುದು ಸಾಸ್ ಅಂತಾದರೆ ತಪ್ಪೇನಿಲ್ಲ. ಸಾಸ್ ಕಾರ್ಡ್‌ಗೆ ಸಿಕ್ಕಿಸಿದ ಸಾಟಾ ಡಿಸ್ಕ್ ಹಾಗೇ ಕಾಣುತ್ತದೆ. ಆದರೆ ರೇಡ್ ಅಂತ ಇದ್ದರೆ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಅದನ್ನು ತಿರುಗಿಯೂ ನೋಡುವುದಿಲ್ಲ. ಐಸ್ಕಝಿ, ಫೈಬರ್ ಚಾನೆಲ್, ಯುಎಸ್‌ಬಿ ಕೂಡ ಆಗುವುದಿಲ್ಲ.

ಕುಶಾಲನಗರದಲ್ಲಿ ನಮಗೆ ಕಂಡದ್ದು ಇದು. ನಾಲ್ಕು ಸಾಲು. ನಾಲ್ಕರಲ್ಲೂ ಹೆಸರಿನ ಜಾಗದಲ್ಲಿ ಕಾರ್ಡ್‌ನ ಹೆಸರು. ಸೀರಿಯಲ್ ನಂಬರ್ ನಾಲ್ಕರಲ್ಲೂ ಉದ್ದುದ್ದ, ಕೊನೆಯ ಎರಡು ಅಕ್ಷರ ಮಾತ್ರ ಬೇರೆ ಬೇರೆ. ಬಸ್‌ಟೈಪ್ ರೇಡ್. ಮೀಡಿಯಾಟೈಪ್ ‘ಅನ್‌ಸ್ಪೆಸಿಫೈಡ್’. ಕರೆಂಟ್ ಬೇರೆ ಹೋಗಿತ್ತು, ಸರ್ವರ್ ಯುಪಿಎಸ್‌ನಲ್ಲಿ ಓಡುತ್ತಿತ್ತು, ಕೋಣೆಯಲ್ಲಿ ಕತ್ತಲೆ. ಒಂದು ಡಿಸ್ಕ್ ಟ್ರೇ ಹೊರಗೆಳೆದು, ಮೊಬೈಲ್ ಟಾರ್ಚ್ ಹಿಡಿದು ಸ್ಟಿಕ್ಕರ್ ಓದಿದೆ. ಅದರ ಮೇಲಿದ್ದ ಸೀರಿಯಲ್ ನಂಬರ್ ಎಂಟು ಅಕ್ಷರದ್ದು. ಪರದೆಯಲ್ಲಿ ಕಂಡದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿಗೆ ಗೊತ್ತಾಯಿತು, ವಿಂಡೋಸ್ ನೋಡುತ್ತಿರುವುದು ಡಿಸ್ಕನ್ನಲ್ಲ, ಕಾರ್ಡ್ ಮಾಡಿಟ್ಟ ಮುಖವಾಡವನ್ನು.

ನೀವೂ ಈ ಪರೀಕ್ಷೆ ಮಾಡಿ. ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರ್, ಪರದೆಯ ಸೀರಿಯಲ್ ನಂಬರ್. ಎರಡೂ ಒಂದೇ ಇದ್ದರೆ ದಾರಿ ಸರಿಯಿದೆ. ಬೇರೆ ಇದ್ದರೆ ಮಧ್ಯೆ ಯಾರೋ ನಿಂತಿದ್ದಾರೆ. ಇದಕ್ಕಿಂತ ಸುಲಭದ, ಇದಕ್ಕಿಂತ ನಂಬುವಂಥ ಪರೀಕ್ಷೆ ನನಗೆ ಗೊತ್ತಿಲ್ಲ.

ಸರ್ವರ್ ಹೊಂದಿಸಿ ಕೊಟ್ಟವರು ಇಲ್ಲಿ ಮಾಡಿದ್ದು ಬಹಳ ಕಡೆ ಮಾಡುವ ಕೆಲಸ. ಪ್ರತಿ ಡಿಸ್ಕನ್ನೂ ಒಂಟಿಯಾಗಿ ರೇಡ್ 0 ಮಾಡಿದ್ದರು. ‘ಒಂದೊಂದೇ ಡಿಸ್ಕ್ ಕಾಣುತ್ತದಲ್ಲ, ಸಾಕು’ ಅನ್ನುವ ಲೆಕ್ಕ. ಸಾಲುವುದಿಲ್ಲ. ಬಸ್‌ಟೈಪ್ ರೇಡ್ ಆಗಿಯೇ ಉಳಿಯುತ್ತದೆ. ಡಿಸ್ಕ್ ಸಾಯುವ ಮುಂಚೆ ಕೊಡುವ ಸೂಚನೆಗಳು ವಿಂಡೋಸ್‌ಗೆ ನೇರವಾಗಿ ತಲುಪುವುದಿಲ್ಲ. ಕಾರ್ಡ್‌ನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಮಧ್ಯೆ ಕೂತು, ಬರೆದು ಆಗದ್ದನ್ನೂ ‘ಬರೆದಾಯಿತು’ ಅನ್ನಬಹುದು.

ಸರಿಮಾಡುವುದು ಹೀಗೆ:

ಮೊದಲು ಡಿಸ್ಕ್‌ಗಳಲ್ಲಿ ಏನಾದರೂ ಇದ್ದರೆ ಬ್ಯಾಕಪ್ ತೆಗೆಯಿರಿ. ಕಾರ್ಡ್‌ನ ಮೋಡ್ ಬದಲಾಯಿಸಲು ಅದರಲ್ಲಿ ಮಾಡಿದ ವರ್ಚುವಲ್ ಡಿಸ್ಕ್‌ಗಳನ್ನು ಅಳಿಸಬೇಕಾಗುತ್ತದೆ. ಅಳಿಸಿದರೆ ಡೇಟಾ ಹೋಯಿತು ಅಂತಲೇ ಲೆಕ್ಕ.

ಸರ್ವರ್ ರೀಸ್ಟಾರ್ಟ್ ಮಾಡಿ, ಕಾರ್ಡ್‌ನ ಸೆಟಪ್‌ಗೆ ಹೋಗಿ. ಡಿಸ್ಕನ್ನು ಇದ್ದ ಹಾಗೇ ವಿಂಡೋಸ್‌ಗೆ ತೋರಿಸುವ ಮೋಡ್ ಹುಡುಕಿ. ಅದಕ್ಕೆ ಎಚ್‌ಬಿಎ ಮೋಡ್, ಪಾಸ್‌ಥ್ರೂ, ಐಟಿ ಮೋಡ್, ಜೆಬಾಡ್ ಹೀಗೆ ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಹೆಸರಿಟ್ಟಿರುತ್ತಾರೆ. ಎಚ್‌ಬಿಎ ಅಥವಾ ಐಟಿ ಮೋಡ್ ಇದ್ದರೆ ಅದನ್ನೇ ಆರಿಸಿ. ಜೆಬಾಡ್ ಒಂದೇ ಇದ್ದರೆ ಆರಿಸಿ ನೋಡಿ, ಆದರೆ ನಂಬಿ ಕೂರಬೇಡಿ. ಕೆಲವು ಕಾರ್ಡ್‌ಗಳು ಜೆಬಾಡ್‌ನಲ್ಲೂ ಬಸ್‌ಟೈಪ್ ರೇಡ್ ಅಂತಲೇ ಹೇಳುತ್ತವೆ. ವಿಂಡೋಸ್‌ಗೆ ಮರಳಿದ ಮೇಲೆ ಹೆಜ್ಜೆ 1ರ ಕಮಾಂಡ್ ಮತ್ತೆ ಓಡಿಸಿ ಖಚಿತ ಮಾಡಿಕೊಳ್ಳಿ.

ಕಾರ್ಡ್ ಯಾವುದಕ್ಕೂ ಜಗ್ಗದಿದ್ದರೆ ಅದನ್ನು ತೆಗೆದು ಸಾದಾ ಎಚ್‌ಬಿಎ ಕಾರ್ಡ್ ಹಾಕಿ. ಎಂಟು ಹೊಸ ಡಿಸ್ಕ್‌ಗಿಂತ ಒಂದು ಕಾರ್ಡ್ ಅಗ್ಗ.

ವಿಂಡೋಸ್ ಕೂಡ ಅದೇ ರೇಡ್ ಕಾರ್ಡ್ ಮೇಲಿದ್ದರೆ ತಡೆಯಿರಿ. ಮೋಡ್ ಬದಲಾಯಿಸಿದರೆ ಸರ್ವರ್ ಬೂಟ್ ಆಗುವುದಿಲ್ಲ. ಬೂಟ್ ಡಿಸ್ಕನ್ನು ಬೇರೆ ಕಂಟ್ರೋಲರ್‌ಗೆ ಒಯ್ಯಿರಿ. ಬೂಟ್‌ಗೆ ಎರಡು ಡಿಸ್ಕ್‌ನ ರೇಡ್ 1 (ಒಂದರ ನಕಲು ಇನ್ನೊಂದರಲ್ಲಿ) ಇಟ್ಟುಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಕಾರ್ಡೇ ಇಲ್ಲ, ಮದರ್‌ಬೋರ್ಡ್‌ನ ಸಾಟಾ ಪೋರ್ಟ್‌ಗೇ ಹಾಕಿದ್ದೇವೆ, ಆದರೂ ರೇಡ್ ಅಂತ ಬರುತ್ತಿದೆಯಾ? ಬಯಾಸ್‌ನಲ್ಲಿ ಸಾಟಾ ಮೋಡ್ ರೇಡ್‌ಗೆ ಇಟ್ಟಿರುತ್ತಾರೆ. ಅದನ್ನು ಎಎಚ್‌ಸಿಐಗೆ ತರಬೇಕು. ವಿಂಡೋಸ್ ಅದೇ ಪೋರ್ಟ್‌ಗಳಲ್ಲಿದ್ದರೆ ಮೊದಲು ಸೇಫ್ ಮೋಡ್‌ನಲ್ಲಿ ಬೂಟ್ ಆಗುವ ಹಾಗೆ ಹೊಂದಿಸಿ, ಆಮೇಲೆ ಬಯಾಸ್ ಬದಲಾಯಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಮಾಮೂಲಿಗೆ ತನ್ನಿ. ಈ ಕ್ರಮ ತಪ್ಪಿದರೆ ನೀಲಿ ಪರದೆ ಬರುತ್ತದೆ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಇನ್ನೊಂದು ಉಪಾಯ ಸಿಗುತ್ತದೆ. ಕ್ಲಸ್ಟರ್‌ನ ಎಸ್‌2ಡಿ ಬಸ್‌ಟೈಪ್ಸ್ (ಎಸ್‌2ಡಿ ಅಂದರೆ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್) ಅನ್ನುವ ಸೆಟ್ಟಿಂಗನ್ನು ತಿದ್ದಿ, ರೇಡ್ ಡಿಸ್ಕ್‌ಗಳನ್ನೂ ಒಪ್ಪಿಕೊಳ್ಳುವ ಹಾಗೆ ಮಾಡುವುದು. ಇನ್ನೊಂದು, ಎನೇಬಲ್ ಮಾಡುವಾಗ ಸ್ಕಿಪ್-ಎಲಿಜಿಬಿಲಿಟಿ-ಚೆಕ್ಸ್ ಅಂತ ಸೇರಿಸುವುದು. ಇವು ಕೆಲಸ ಮಾಡಲೂಬಹುದು. ಕಲಿಯಲು ಇಟ್ಟುಕೊಂಡ ಸರ್ವರ್‌ನಲ್ಲಿ ಬೇಕಾದರೆ ಮಾಡಿ ನೋಡಿ. ಜನರ ಲೆಕ್ಕ ಕೂರುವ ಜಾಗದಲ್ಲಿ ದಯವಿಟ್ಟು ಮಾಡಬೇಡಿ. ಬೆಳೆಗಾರರು ತಂದು ಸುರಿದ ಮೂಟೆಯ ತೂಕ, ತೇವಾಂಶ, ಲಾಟ್ ನಂಬರ್ ಎಲ್ಲ ಆ ಡಿಸ್ಕ್‌ಗಳಲ್ಲೇ ಇರುತ್ತದೆ. ತಪಾಸಣೆ ಇರುವುದೇ ಅದನ್ನು ಕಾಪಾಡಲಿಕ್ಕೆ ಅಲ್ವಾ?

ಹೆಜ್ಜೆ 3: ಒಂದೇ ಗುರುತು ಎರಡು ಡಿಸ್ಕ್‌ಗೆ

ಈಗ ಯೂನಿಕ್‌ಐಡಿ ಕಾಲಂ ನೋಡಿ. ಯಾವ ಎರಡು ಸಾಲಿನಲ್ಲೂ ಒಂದೇ ಇರಬಾರದು. ಒಂದು ಸರ್ವರ್‌ನೊಳಗೆ ಮಾತ್ರವಲ್ಲ, ಎರಡು ಸರ್ವರ್ ನಡುವೆಯೂ ಇರಬಾರದು. ಒಂದೇ ಇದ್ದರೆ ಪೂಲ್ ಅವೆರಡನ್ನೂ ಒಂದೇ ಡಿಸ್ಕ್ ಅಂದುಕೊಳ್ಳುತ್ತದೆ. ಎಂಟು ಹಾಕಿರುತ್ತೀರಿ, ಏಳೇ ಕಾಣುತ್ತವೆ.

ಅಗ್ಗದ ಯುಎಸ್‌ಬಿ ಡಾಕ್‌ಗಳಲ್ಲಿ ಇದು ಮಾಮೂಲಿ. ಒಳಗೆ ಹಾಕಿದ ಎಲ್ಲ ಡಿಸ್ಕ್‌ಗೂ ಡಾಕ್ ತನ್ನದೇ ಒಂದು ನಂಬರ್ ಹೇಳಿಬಿಡುತ್ತದೆ. ವರ್ಚುವಲ್ ಮಷೀನ್‌ನಲ್ಲಿ ಅಭ್ಯಾಸ ಮಾಡುವವರಿಗೂ ಈ ತೊಂದರೆ ಬರುತ್ತದೆ. ವಿಎಂವೇರ್‌ನಲ್ಲಾದರೆ ಮಷೀನ್‌ನ ಸೆಟ್ಟಿಂಗ್‌ನಲ್ಲಿ ಡಿಸ್ಕ್.ಎನೇಬಲ್‌ಯುಯುಐಡಿ ಅನ್ನುವುದನ್ನು ಟ್ರೂ ಮಾಡಿ.

ಉಲ್ಟಾ ತೊಂದರೆಯೂ ಇದೆ. ನಾಲ್ಕು ಡಿಸ್ಕ್ ಹಾಕಿದರೆ ಎಂಟು ಕಾಣುವುದು. ಹೊರಗಿನ ಡಿಸ್ಕ್ ಪೆಟ್ಟಿಗೆಗೆ ಎರಡು ಕೇಬಲ್ ಎಳೆದಿದ್ದರೆ ಹೀಗಾಗುತ್ತದೆ. ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್‌ಗೆ ಒಂದು ಡಿಸ್ಕ್‌ಗೆ ಒಂದೇ ದಾರಿ ಇರಬೇಕು. ಒಂದು ಕೇಬಲ್ ತೆಗೆಯಿರಿ. ಆ ಪೆಟ್ಟಿಗೆ ಎಸ್‌ಇಎಸ್ ಅನ್ನುವ ವ್ಯವಸ್ಥೆಯನ್ನು ಒಪ್ಪುವಂಥದ್ದಾಗಿರಬೇಕು. ಯಾವ ಡಿಸ್ಕ್ ಯಾವ ಖಾನೆಯಲ್ಲಿದೆ ಅಂತ ವಿಂಡೋಸ್‌ಗೆ ತಿಳಿಯುವುದು ಅದರಿಂದಲೇ. ವರದಿಯಲ್ಲಿ ‘ಎನ್‌ಕ್ಲೋಷರ್ ಸಿಗಲಿಲ್ಲ’ ಅನ್ನುವ ಮಾತು ಕಂಡರೆ ಡಿಸ್ಕ್ ಬಿಡಿ. ಪೆಟ್ಟಿಗೆ, ಎಕ್ಸ್‌ಪ್ಯಾಂಡರ್, ಅವುಗಳ ಫರ್ಮ್‌ವೇರ್ ನೋಡಿ.

ಹೆಜ್ಜೆ 4: ಹಳೇ ಬಾಡಿಗೆದಾರ ಖಾಲಿ ಮಾಡಿಲ್ಲ

ಕುಶಾಲನಗರದಲ್ಲಿ ಕಾರ್ಡನ್ನು ಎಚ್‌ಬಿಎ ಮೋಡ್‌ಗೆ ತಂದ ಮೇಲೆ ಡಿಸ್ಕ್‌ಗಳು ತಮ್ಮ ನಿಜವಾದ ಹೆಸರಿನಲ್ಲಿ ಕಂಡವು. ಆದರೆ ಎರಡು ಇನ್ನೂ ಫಾಲ್ಸ್. ಕಾರಣದ ಜಾಗದಲ್ಲಿ ‘ಇನ್‌ಸಫಿಷಿಯೆಂಟ್ ಕೆಪಾಸಿಟಿ’, ಅಂದರೆ ಜಾಗ ಸಾಲದು. 4 ಟಿಬಿ ಡಿಸ್ಕ್‌ನಲ್ಲಿ ಜಾಗ ಸಾಲದೇ?

ಅವೆರಡು ಹಳೇ ಸರ್ವರ್‌ನಿಂದ ಕಿತ್ತು ತಂದವು. ಹಳೇ ಪಾರ್ಟಿಷನ್ ಹಾಗೇ ಇತ್ತು. ಡಿಸ್ಕ್ ಪೂರ್ತಿ ಪಾರ್ಟಿಷನ್ ಹರಡಿಕೊಂಡಿದ್ದರೆ ಒಳಗೆ ಒಂದೇ ಒಂದು ಫೈಲ್ ಇಲ್ಲದಿದ್ದರೂ ಪೂಲ್‌ಗೆ ಜಾಗವಿಲ್ಲ. ಈ ಎರರ್‌ನ ಮಾತು ಎಷ್ಟು ದಾರಿ ತಪ್ಪಿಸುತ್ತದೆ ಅಂದರೆ, ದೊಡ್ಡ ಡಿಸ್ಕ್ ಬೇಕೇನೋ ಅಂತ ಜನ ಆರ್ಡರ್ ಮಾಡಿಬಿಡುತ್ತಾರೆ.

ಅಳಿಸುವ ಮುಂಚೆ ಒಂದು ಮಾತು. ಅಳಿಸುವ ಕಮಾಂಡ್‌ಗಳು ಡಿಸ್ಕ್ ನಂಬರ್ ಕೇಳುತ್ತವೆ, ಆ ನಂಬರ್ ರೀಸ್ಟಾರ್ಟ್ ಆದಾಗ ಬದಲಾಗಬಹುದು. ನಿನ್ನೆ 3 ಆಗಿದ್ದದ್ದು ಇವತ್ತು 4 ಇರಬಹುದು. ಅದಕ್ಕೆ ಪ್ರತಿ ಸಲವೂ ಗೆಟ್-ಡಿಸ್ಕ್ ಕೊಟ್ಟು, ಸೀರಿಯಲ್ ನಂಬರ್ ನೋಡಿ, ಆಮೇಲೇ ನಂಬರ್ ಟೈಪ್ ಮಾಡಿ. ಜೊತೆಗೆ ಬ್ಯಾಕಪ್ ಇರುವ ಯುಎಸ್‌ಬಿ ಡಿಸ್ಕ್ ಸರ್ವರ್‌ಗೆ ಸಿಕ್ಕಿಸಿದ್ದರೆ ಕಿತ್ತು ಮೇಜಿನ ಡ್ರಾಯರ್‌ನಲ್ಲಿಡಿ. ಇದನ್ನು ಬೇಕಂತಲೇ ಒತ್ತಿ ಹೇಳುತ್ತಿದ್ದೇನೆ.

ಪಾರ್ಟಿಷನ್ ಇರುವ ಡಿಸ್ಕ್‌ಗೆ:

ಕ್ಲಿಯರ್-ಡಿಸ್ಕ್ -ನಂಬರ್ 3 -ರಿಮೂವ್‌ಡೇಟಾ -ರಿಮೂವ್‌ಒಇಎಂ

ಡಿಸ್ಕ್ ಆಫ್‌ಲೈನ್ ಅಥವಾ ರೀಡ್-ಓನ್ಲಿ ಇದೆ ಅಂತ ತಕರಾರು ಬಂದರೆ ಮೊದಲು ಸೆಟ್-ಡಿಸ್ಕ್ ಕಮಾಂಡ್‌ನಿಂದ ಆ ಎರಡನ್ನೂ ಫಾಲ್ಸ್ ಮಾಡಿ.

ಕಾರಣ ‘ಇನ್ ಎ ಪೂಲ್’ ಅಂತಿದ್ದು, ನಿಮ್ಮ ಬಳಿ ಪೂಲೇ ಇಲ್ಲವಾದರೆ, ಆ ಡಿಸ್ಕ್ ಹಿಂದೆ ಬೇರೆ ಪೂಲ್‌ನಲ್ಲಿತ್ತು. ಅದರ ಗುರುತು ಡಿಸ್ಕ್ ಮೇಲೆ ಉಳಿದಿದೆ. ಗೆಟ್-ಸ್ಟೋರೇಜ್‌ಪೂಲ್ ಕೊಟ್ಟರೆ ಆ ಹಳೇ ಪೂಲ್ ರೀಡ್-ಓನ್ಲಿ ಆಗಿ ಕಾಣುತ್ತದೆ. ಸೆಟ್-ಸ್ಟೋರೇಜ್‌ಪೂಲ್‌ನಿಂದ ರೀಡ್-ಓನ್ಲಿ ತೆಗೆದು, ಒಳಗಿನ ವರ್ಚುವಲ್ ಡಿಸ್ಕ್ ಅಳಿಸಿ, ರಿಮೂವ್-ಸ್ಟೋರೇಜ್‌ಪೂಲ್ ಕೊಡಿ. ಕೊನೆಗೆ ರೀಸೆಟ್-ಫಿಸಿಕಲ್‌ಡಿಸ್ಕ್. ನಡೆಯುತ್ತಿರುವ ಬೇರೆ ಪೂಲ್ ಅದೇ ಸರ್ವರ್‌ನಲ್ಲಿದ್ದರೆ ಹೆಸರು ಎರಡು ಸಲ ಓದಿ.

‘ಇನ್ ಯೂಸ್ ಬೈ ಕ್ಲಸ್ಟರ್’ ಅಂತಿದ್ದರೆ ಆ ಡಿಸ್ಕ್ ಕ್ಲಸ್ಟರ್‌ನಲ್ಲಿ ಬೇರೆ ಕೆಲಸಕ್ಕೆ ಸೇರಿದೆ. ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರ್‌ನಲ್ಲಿ ಅಲ್ಲಿಂದ ತೆಗೆಯಿರಿ. ಕ್ಲಸ್ಟರ್ ಕಿತ್ತು ಹಾಕಿದ ಮೇಲೂ ಡಿಸ್ಕ್ ಬಿಡದಿದ್ದರೆ ಹಳೇ ಹಿಡಿತ ಉಳಿದಿರುತ್ತದೆ. ಕ್ಲಿಯರ್-ಕ್ಲಸ್ಟರ್‌ಡಿಸ್ಕ್‌ರಿಸರ್ವೇಷನ್ ಇರುವುದು ಅದಕ್ಕೇ.

ಲಿನಕ್ಸ್‌ನಲ್ಲಿದ್ದ ಡಿಸ್ಕ್‌ಗಳು ಕೆಲವೊಮ್ಮೆ ಇಷ್ಟಕ್ಕೂ ಜಗ್ಗುವುದಿಲ್ಲ. ಹಳೇ ರೇಡ್ ಗುರುತು ಡಿಸ್ಕ್‌ನ ತುದಿಯಲ್ಲಿ ಅಡಗಿರುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್ ಆಲ್’ ಕೊಟ್ಟರೆ ಇಡೀ ಡಿಸ್ಕ್‌ಗೆ ಸೊನ್ನೆ ಬರೆಯುತ್ತದೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿಗೆ ಏಳು ಗಂಟೆಗೂ ಜಾಸ್ತಿ. ರಾತ್ರಿ ಹಚ್ಚಿ ಮನೆಗೆ ಹೋಗಿ.

ಹೆಜ್ಜೆ 5: ಸೆಕೆಂಡ್ ಹ್ಯಾಂಡ್ ಡಿಸ್ಕ್ ಮತ್ತು ಸೆಕ್ಟರ್

ಗೋಣಿಕೊಪ್ಪದಲ್ಲಿ ಒಬ್ಬರು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹಳೇ ಸಾಸ್ ಡಿಸ್ಕ್ ತಂದಿದ್ದರು. ಒಳ್ಳೇ ಡಿಸ್ಕ್‌ಗಳೇ. ಆದರೆ ವಿಂಡೋಸ್‌ನಲ್ಲಿ ಇನಿಷಿಯಲೈಜ್ ಆಗುತ್ತಿರಲಿಲ್ಲ, ಗಾತ್ರ ಸೊನ್ನೆ ತೋರಿಸುತ್ತಿತ್ತು. ಎಲ್ಲವೂ ಕೆಟ್ಟಿವೆ ಅಂತ ವಾಪಸ್ ಕಳಿಸಲು ಪ್ಯಾಕ್ ಮಾಡಿಟ್ಟಿದ್ದರು.

ಕೆಟ್ಟಿರಲಿಲ್ಲ. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಕಿತ್ತ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ (ಡಿಸ್ಕ್ ಓದಿ ಬರೆಯುವ ಅತಿ ಚಿಕ್ಕ ತುಂಡು) 520 ಬೈಟ್ ಇರುವುದುಂಟು. ವಿಂಡೋಸ್‌ಗೆ ಬೇಕಿರುವುದು 512 ಅಥವಾ 4096. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಸ್‌ಜಿ-ಫಾರ್ಮ್ಯಾಟ್ ಅನ್ನುವ ಕಮಾಂಡ್‌ನಿಂದ 512ಕ್ಕೆ ಬದಲಾಯಿಸಿದರೆ ಡಿಸ್ಕ್ ಉಪಯೋಗಕ್ಕೆ ಬರುತ್ತದೆ. ಇದಕ್ಕೂ ಎಚ್‌ಬಿಎ ಕಾರ್ಡ್ ಬೇಕು, ರೇಡ್ ಕಾರ್ಡ್ ಮೂಲಕ ಆಗುವುದಿಲ್ಲ. ಗಂಟೆಗಟ್ಟಲೆ ಹಿಡಿಯುತ್ತದೆ. ಮಧ್ಯೆ ಕರೆಂಟ್ ಹೋದರೆ ಡಿಸ್ಕ್ ಅರ್ಧಕ್ಕೆ ನಿಂತು, ಪುನಃ ಮೊದಲಿಂದ ಫಾರ್ಮ್ಯಾಟ್ ಮಾಡುವವರೆಗೂ ಮಾತಾಡುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಯುಪಿಎಸ್ ಜೊತೆ ಜನರೇಟರ್ ಕೂಡ ಇರುವ ಜಾಗದಲ್ಲೇ ಈ ಕೆಲಸ ಮಾಡಿ.

ಹೊಸ ಡಿಸ್ಕ್‌ಗಳಲ್ಲಿ ಸೆಕ್ಟರ್ ಅಳತೆಯ ಮೇಲೆ 512ಎನ್, 512ಇ, 4ಕೆಎನ್ ಅಂತ ಮೂರು ಬಗೆ ಇವೆ. ಮೂರನ್ನೂ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಒಪ್ಪುತ್ತದೆ. ಆದರೆ ಪೂಲ್‌ನ ಸೆಕ್ಟರ್ ಅಳತೆ ಪೂಲ್ ಮಾಡುವಾಗಲೇ ನಿಗದಿಯಾಗುತ್ತದೆ. ಆಮೇಲೆ ಬದಲಾಯಿಸಲು ಬರುವುದಿಲ್ಲ. ಅದಕ್ಕೆ ಮೊದಲಿಂದಲೇ ಒಂದೇ ಬಗೆಯವನ್ನು ತನ್ನಿ. ಬದಲಿ ಡಿಸ್ಕ್ ಕೇಳುವಾಗಲೂ ಮಾಡೆಲ್ ನಂಬರ್ ಪೂರ್ತಿ ಹೇಳಿ.

ಉಳಿದ ಕೆಲವು ಕಾರಣ

‘ಹಾರ್ಡ್‌ವೇರ್ ನಾಟ್ ಕಂಪ್ಲಾಯೆಂಟ್’ ಅಥವಾ ‘ಫರ್ಮ್‌ವೇರ್ ನಾಟ್ ಕಂಪ್ಲಾಯೆಂಟ್’ ಬಂದರೆ, ಕ್ಲಸ್ಟರ್‌ನಲ್ಲಿ ಯಾರೋ ಒಪ್ಪಿಗೆಯ ಪಟ್ಟಿ ಹಾಕಿಟ್ಟಿದ್ದಾರೆ ಅಂತ ಅರ್ಥ. ಸಪೋರ್ಟೆಡ್ ಕಾಂಪೊನೆಂಟ್ಸ್ ಡಾಕ್ಯುಮೆಂಟ್ ಅಂತ ಅದರ ಹೆಸರು. ಆ ಪಟ್ಟಿಯಲ್ಲಿ ನಿಮ್ಮ ಡಿಸ್ಕ್‌ನ ಮಾಡೆಲ್ ಅಥವಾ ಫರ್ಮ್‌ವೇರ್ ಇಲ್ಲ. ಹಾಕಿದವರನ್ನು ಕೇಳಿ, ಕಾರಣ ತಿಳಿದು, ಸೇರಿಸಿ. ಫರ್ಮ್‌ವೇರ್ ಹಳೆಯದಾದರೆ ಗೆಟ್-ಸ್ಟೋರೇಜ್‌ಫರ್ಮ್‌ವೇರ್‌ಇನ್ಫರ್ಮೇಷನ್‌ನಿಂದ ನೋಡಿ, ಕಂಪನಿಯವರ ಫೈಲ್ ಇದ್ದರೆ ಅಪ್‌ಡೇಟ್ ಮಾಡಬಹುದು.

‘ನಾಟ್ ಹೆಲ್ದಿ’ ಬಂದರೆ ಡಿಸ್ಕ್ ನಿಜವಾಗಿಯೂ ಕೆಟ್ಟಿರಬಹುದು. ಆದರೂ ಒಮ್ಮೆ ಟ್ರೇ ಹೊರಗೆಳೆದು, ಕನೆಕ್ಟರ್ ನೋಡಿ, ಬೇರೆ ಖಾನೆಗೆ ಹಾಕಿ ಪರೀಕ್ಷಿಸಿ. ತೊಂದರೆ ಖಾನೆಯಲ್ಲೇ ಉಳಿದರೆ ಕೇಬಲ್ ಅಥವಾ ಬ್ಯಾಕ್‌ಪ್ಲೇನ್ (ಟ್ರೇಗಳು ಸಿಕ್ಕಿಕೊಳ್ಳುವ ಬೋರ್ಡ್), ಡಿಸ್ಕ್ ಜೊತೆ ಹೋದರೆ ಡಿಸ್ಕ್. ಮಳೆಗಾಲದಲ್ಲಿ ಬಂದ ಪಾರ್ಸೆಲ್ ಬಿಚ್ಚಿ ತಕ್ಷಣ ಸರ್ವರ್‌ಗೆ ತುರುಕಬೇಡಿ. ಕವರ್ ಸಮೇತ ಒಂದೆರಡು ಗಂಟೆ ಕೋಣೆಯಲ್ಲಿಡಿ. ತಣ್ಣಗಿನ ಲೋಹದ ಮೇಲೆ ಹನಿ ಕಟ್ಟುವುದು ಇಲ್ಲಿ ಹೊಸತಲ್ಲ.

ಪೂಲ್ ಒಪ್ಪಿದರೂ ನೀವು ಒಪ್ಪಬಾರದ ಡಿಸ್ಕ್

ಕ್ಯಾನ್‌ಪೂಲ್ ಟ್ರೂ ಅಂದಾಕ್ಷಣ ಎಲ್ಲ ಸರಿ ಅಂತಲ್ಲ. ಲ್ಯಾಪ್‌ಟಾಪ್‌ಗೆ ಹಾಕುವ ಅಗ್ಗದ ಎಸ್‌ಎಸ್‌ಡಿಯನ್ನೂ ಪೂಲ್ ಸೇರಿಸಿಕೊಳ್ಳುತ್ತದೆ. ಅದರಲ್ಲಿ ಕರೆಂಟ್ ಹೋದಾಗ ಡೇಟಾ ಉಳಿಸುವ ಪುಟ್ಟ ಕೆಪಾಸಿಟರ್‌ಗಳು ಇರುವುದಿಲ್ಲ. ಪೂಲ್ ಪ್ರತಿ ಬರಹವನ್ನೂ ‘ನಿಜವಾಗಿ ಬರೆದಾಯಿತಾ?’ ಅಂತ ಕೇಳುತ್ತಾ ಹೋಗುತ್ತದೆ. ಕೆಪಾಸಿಟರ್ ಇಲ್ಲದ ಎಸ್‌ಎಸ್‌ಡಿ ಪ್ರತಿ ಸಲ ನಿಧಾನವಾಗಿ ಬರೆದು ಮುಗಿಸಿಯೇ ಉತ್ತರ ಕೊಡಬೇಕು. ಎಸ್‌ಎಸ್‌ಡಿ ಹಾಕಿಯೂ ಹಾರ್ಡ್ ಡಿಸ್ಕ್‌ಗಿಂತ ನಿಧಾನ ಅನ್ನುವ ದೂರು ಬರುವುದು ಇದರಿಂದಲೇ. ಗಾಳಿಮಳೆಗೆ ಲೈನ್ ಮೇಲೆ ಮರ ಬೀಳುವ ಊರು ನಮ್ಮದು. ಪವರ್ ಲಾಸ್ ಪ್ರೊಟೆಕ್ಷನ್ ಇರುವ ಎಸ್‌ಎಸ್‌ಡಿಯನ್ನೇ ಕೇಳಿ ತನ್ನಿ.

ಕ್ಯಾಶ್‌ಗೆ ಹಾಕುವ ಎಸ್‌ಎಸ್‌ಡಿಗೆ ತಾಳಿಕೆಯೂ ಬೇಕು. ದಿನಕ್ಕೆ ತನ್ನ ಗಾತ್ರದ 3 ಪಟ್ಟು, ಇಲ್ಲವೇ ದಿನಕ್ಕೆ 4 ಟಿಬಿ ಬರೆಸಿಕೊಳ್ಳಬಲ್ಲದ್ದಾಗಿರಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ.

ಹಾರ್ಡ್ ಡಿಸ್ಕ್‌ನಲ್ಲಿ ಎಸ್‌ಎಂಆರ್ ಬಗೆಯದ್ದು ಬೇಡ. ಅದರಲ್ಲಿ ಸಾಲುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ಒಂದು ಹೆಂಚು ಬದಲಾಯಿಸಲು ಪಕ್ಕದ್ದನ್ನೂ ಎತ್ತಬೇಕು. ಮಾಮೂಲಿ ದಿನ ಗೊತ್ತಾಗುವುದಿಲ್ಲ. ಒಂದು ಡಿಸ್ಕ್ ಸತ್ತು ಪೂಲ್ ರಿಪೇರಿಗೆ ಇಳಿದಾಗ ಗೊತ್ತಾಗುತ್ತದೆ, ದಿನಗಟ್ಟಲೆ ಎಳೆಯುತ್ತದೆ. ಡೇಟಾಶೀಟ್‌ನಲ್ಲಿ ಸಿಎಂಆರ್ (ಸಾಲುಗಳು ಹೊದ್ದಿರದ ಬಗೆ) ಅಂತ ಇರುವುದನ್ನು ಆರಿಸಿ.

ಹೆಜ್ಜೆ 6: ಎಣಿಸಿ, ಪರೀಕ್ಷಿಸಿ, ಆಮೇಲೆ ಎನೇಬಲ್

ಎರಡೂ ಸರ್ವರ್‌ನಲ್ಲಿ ಡಿಸ್ಕ್‌ಗಳ ಸಂಖ್ಯೆ, ಬಗೆ, ಗಾತ್ರ ಒಂದೇ ಇರಲಿ. ಪ್ರತಿ ಸರ್ವರ್‌ಗೆ ಕನಿಷ್ಠ 4 ಕೆಪಾಸಿಟಿ ಡಿಸ್ಕ್ (ಡೇಟಾ ಕೂರುವ ಡಿಸ್ಕ್), ಕ್ಯಾಶ್ ಬೇಕಾದರೆ ಜೊತೆಗೆ ಕನಿಷ್ಠ 2 ಎಸ್‌ಎಸ್‌ಡಿ. ಎರಡೇ ಸರ್ವರ್ ಆದರೆ ವಿಟ್‌ನೆಸ್ (ಎರಡರ ನಡುವೆ ಮೂರನೇ ಮತ ಕೊಡುವ, ಬೇರೆ ಕಡೆ ಇರುವ ಸಾಕ್ಷಿ) ಕಡ್ಡಾಯವಾಗಿ ಇಡಿ. ಅದಿಲ್ಲದೆ ಒಂದು ಸರ್ವರ್ ಬಿದ್ದರೆ ಇನ್ನೊಂದೂ ನಿಲ್ಲಬಹುದು.

ಎಷ್ಟು ಜಾಗ ಸಿಗುತ್ತದೆ ಅಂತ ಮೊದಲೇ ಮಾಲೀಕರಿಗೆ ಹೇಳಿಬಿಡಿ. ಕುಶಾಲನಗರದ ಲೆಕ್ಕ ಹೀಗಿತ್ತು. 4 ಟಿಬಿಯ 8 ಡಿಸ್ಕ್, ಒಟ್ಟು 32 ಟಿಬಿ. ರಿಪೇರಿಗೆ ಅಂತ ಪ್ರತಿ ಸರ್ವರ್‌ಗೆ ಒಂದು ಡಿಸ್ಕ್‌ನಷ್ಟು ಜಾಗ ಖಾಲಿ ಬಿಟ್ಟರೆ ಉಳಿದದ್ದು 24. ಎರಡು ಪ್ರತಿ ಇಡುವುದರಿಂದ ಕೈಗೆ ಸಿಗುವುದು 12 ಟಿಬಿ.

ಈಗ ಪರೀಕ್ಷೆ. ಟೆಸ್ಟ್-ಕ್ಲಸ್ಟರ್ ಕಮಾಂಡ್‌ಗೆ ಎರಡೂ ಸರ್ವರ್ ಹೆಸರು ಕೊಟ್ಟು, ಇನ್‌ಕ್ಲೂಡ್‌ನಲ್ಲಿ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್, ಇನ್ವೆಂಟರಿ, ನೆಟ್‌ವರ್ಕ್, ಸಿಸ್ಟಮ್ ಕಾನ್ಫಿಗರೇಷನ್ ಈ ನಾಲ್ಕನ್ನೂ ಸೇರಿಸಿ. ವರದಿಯ ಸ್ಟೋರೇಜ್ ಭಾಗದಲ್ಲಿ ಹಳದಿ ಬಂದರೂ ಓದಿ, ದಾಟಿ ಹೋಗಬೇಡಿ. ಎಲ್ಲ ಹಸಿರಾದ ಮೇಲೆ ಕ್ಲಸ್ಟರ್ ಮಾಡಿ, ಎನೇಬಲ್-ಕ್ಲಸ್ಟರ್‌ಸ್ಟೋರೇಜ್‌ಸ್ಪೇಸಸ್‌ಡೈರೆಕ್ಟ್ ಕೊಡಿ. ಅರ್ಹ ಡಿಸ್ಕ್‌ಗಳನ್ನೆಲ್ಲ ಅದೇ ಹುಡುಕಿ ಪೂಲ್ ಮಾಡುತ್ತದೆ. ‘ಎಸ್‌ಬಿಎಲ್ ಡಿಸ್ಕ್‌ಗಳಿಗೆ ಕಾಯುತ್ತಿದೆ’ (ಎಸ್‌ಬಿಎಲ್ ಅಂದರೆ ಒಂದು ಸರ್ವರ್‌ನ ಡಿಸ್ಕ್ ಇನ್ನೊಂದಕ್ಕೂ ಕಾಣುವ ಹಾಗೆ ಮಾಡುವ ಪದರ) ಅನ್ನುವ ಹಂತದಲ್ಲಿ, ಶೇಕಡಾ 27ರಲ್ಲಿ ನಿಂತುಬಿಟ್ಟರೆ ಹೆಜ್ಜೆ 3ಕ್ಕೆ ಮರಳಿ. ಗುರುತಿನ ಗೊಂದಲ ಇನ್ನೂ ಉಳಿದಿರುತ್ತದೆ.

ಪೂಲ್ ಆದ ಮೇಲೆ ಮೀಡಿಯಾಟೈಪ್ ಇನ್ನೂ ಅನ್‌ಸ್ಪೆಸಿಫೈಡ್ ಇದ್ದರೆ ಸೆಟ್-ಫಿಸಿಕಲ್‌ಡಿಸ್ಕ್‌ನಿಂದ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಅಂತ ಹೇಳಬಹುದು. ಪೂಲ್‌ಗೆ ಸೇರುವ ಮುಂಚೆ ಈ ಕಮಾಂಡ್ ಹಿಡಿಯುವುದಿಲ್ಲ. ನಿಜವಾದ ಸರ್ವರ್‌ನಲ್ಲಿ ಹೀಗೆ ಕೈಯಿಂದ ಹೇಳಬೇಕಾಗಿ ಬಂದರೆ ಕಾರ್ಡನ್ನು ಮತ್ತೊಮ್ಮೆ ಅನುಮಾನಿಸಿ.

ಒಂದು ಹಾಳೆಯಲ್ಲಿ ಸರ್ವರ್, ಖಾನೆ ನಂಬರ್, ಡಿಸ್ಕ್ ಮಾಡೆಲ್, ಸೀರಿಯಲ್ ನಂಬರ್ ಬರೆದು ರ್‍ಯಾಕ್ ಬಾಗಿಲಿನ ಒಳಗೆ ಅಂಟಿಸಿ. ಶಾಯಿ ಪೆನ್ ಬೇಡ, ಮಳೆಗಾಲದ ತೇವಕ್ಕೆ ಹರಡುತ್ತದೆ. ಪೆನ್ಸಿಲ್ ಆದರೆ ಉಳಿಯುತ್ತದೆ.

ಲೆಕ್ಕಪತ್ರ ಹಾಕುವ ಮುಂಚೆ ಕೊನೆಯ ಕೆಲಸ. ಒಂದಷ್ಟು ಬೇಡದ ಫೈಲ್‌ಗಳನ್ನು ತುಂಬಿಸಿ, ಮೊದಲ ಸರ್ವರ್‌ನ ಒಂದು ಡಿಸ್ಕ್ ಟ್ರೇ ಹೊರಗೆಳೆಯಿರಿ. ಫೈಲ್‌ಗಳು ತೆರೆಯುತ್ತವೆಯಾ ನೋಡಿ. ಹಾಳೆಯಲ್ಲಿ ಬರೆದ ಸೀರಿಯಲ್ ನಂಬರೇ ಪರದೆಯಲ್ಲಿ ಕಾಣೆಯಾಗಿದೆಯಾ ನೋಡಿ. ಹತ್ತು ನಿಮಿಷದೊಳಗೆ ಅದೇ ಖಾನೆಗೆ ವಾಪಸ್ ಹಾಕಿ, ಗೆಟ್-ಸ್ಟೋರೇಜ್‌ಜಾಬ್ ಕೊಡಿ. ರಿಪೇರಿ ಎಷ್ಟು ಶೇಕಡಾ ಆಯಿತು ಅಂತ ತೋರಿಸುತ್ತಾ ಹೋಗುತ್ತದೆ. ಅದು ಪೂರ್ತಿ ಮುಗಿದು, ಎಲ್ಲ ಡಿಸ್ಕ್ ಹೆಲ್ದಿ ಅಂತ ಬರುವವರೆಗೂ ಎರಡನೇ ಸರ್ವರ್ ಮುಟ್ಟಬೇಡಿ.